ಮುಚ್ಚುವ ಸಂದು, ಬಿಡುವ ಸಂದು

ಮಿನೆಸೋಟಕ್ಕೆ ಹೊರಟವರಿಗೆ ಅಲ್ಲಿದ್ದು ಬಂದವರು ಹೇಳುವ ಬುದ್ಧಿಮಾತು ಒಂದೇ: ಚಳಿ ಹಿಡಿಯುವುದರೊಳಗೆ ನೋಡುವುದನ್ನೆಲ್ಲ ನೋಡಿ ಬಂದುಬಿಡಿ. ಅಮೆರಿಕದ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಗೆ ತಗುಲಿಕೊಂಡಿರುವ ರಾಜ್ಯ ಅದು. ಅಕ್ಟೋಬರ್ ಹೊತ್ತಿಗೆ ಅಲ್ಲಿನ ಮೇಪಲ್ ಮರಗಳು ಕೆಂಪಾಗುತ್ತವೆ, ಬರ್ಚ್ ಮರಗಳು ಹಳದಿಯಾಗುತ್ತವೆ. ಆ ಬಣ್ಣ ನೋಡಲೆಂದೇ ನಾನೂ ಹೋದೆ, ಕಣ್ತುಂಬ ನೋಡಿದೆ. ಆದರೆ ಊರಿನವರಿಗೆ ಎಲೆ ನೋಡುವ ಪುರುಸೊತ್ತು ಇದ್ದಂತೆ ಕಾಣಲಿಲ್ಲ. ಶನಿವಾರ, ಭಾನುವಾರ ಬಂತೆಂದರೆ ಬೀದಿಯುದ್ದಕ್ಕೂ ಜನ ತಂತಮ್ಮ ಮನೆಯ ಮುಂಬಾಗಿಲಲ್ಲಿ ಮಂಡಿಯೂರಿ ಕೂತಿರುತ್ತಿದ್ದರು. ಒಬ್ಬರ ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಬ್ಬರ ಕೈಯಲ್ಲಿ ರಬ್ಬರಿನ ಉದ್ದನೆಯ ಪಟ್ಟಿ, ಮತ್ತೊಬ್ಬರ ಕೈಯಲ್ಲಿ ಬಂದೂಕಿನ ಹಾಗೆ ಹಿಡಿದ ಅಂಟಿನ ಕೊಳವೆ. ಆ ಪ್ರವಾಸದಲ್ಲಿ ನಾನು ಮರಗಳಿಗಿಂತ ಹೆಚ್ಚಾಗಿ ಬಾಗಿಲುಗಳನ್ನು ನೋಡಿದೆ.

ನನ್ನ ತಂಗಿಯ ಮನೆ ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದಲ್ಲಿದೆ. 1920ರ ದಶಕದಲ್ಲಿ ಕಟ್ಟಿದ ಮರದ ಮನೆ. ಮುಂದೊಂದು ಬಾಗಿಲು, ಅಡುಗೆಮನೆಯ ಮಗ್ಗುಲಲ್ಲಿ ಹಿತ್ತಿಲ ಬಾಗಿಲು. ಮುಂಬಾಗಿಲ ಕದ ಓಕ್ ಮರದ್ದು. ಎಷ್ಟೋ ಚಳಿಗಾಲ ಕಂಡದ್ದು, ಎಷ್ಟೋ ಸಲ ಬಣ್ಣ ಹೊಡೆಸಿಕೊಂಡದ್ದು. ನನ್ನ ಕಣ್ಣಿಗೆ ಅದು ಗಟ್ಟಿಮುಟ್ಟಾಗಿಯೇ ಇತ್ತು. ಮುಚ್ಚಿದರೆ ಮುಚ್ಚಿಕೊಳ್ಳುತ್ತದೆ, ಬೀಗ ಬೀಳುತ್ತದೆ. ಬಾಗಿಲಿನಿಂದ ಇನ್ನೇನು ಬೇಕು?

ಒಂದು ಸಂಜೆ ತಂಗಿ ಊದುಬತ್ತಿಯ ಪೊಟ್ಟಣ ತಂದು ನನ್ನ ಕೈಗಿಟ್ಟಳು. ದೇವರ ಗೂಡಿನ ಕಡೆ ಹೊರಟಿದ್ದೆ.

"ದೇವರಿಗೆ ಬೆಳಿಗ್ಗೆನೇ ಆಯ್ತು ಅಣ್ಣ, ಇದು ಬಾಗಿಲಿಗೆ" ಅಂದಳು.

ಅವಳು ತಮಾಷೆ ಮಾಡುತ್ತಿರಲಿಲ್ಲ. ಭಾವ ಆಗಲೇ ಮನೆ ಕಾಯಿಸುವ ಫರ್ನೇಸ್ ಆರಿಸಿ, ಕಿಟಕಿಗಳನ್ನೆಲ್ಲ ಭದ್ರ ಮಾಡಿ, ಬಚ್ಚಲಿನ ಮತ್ತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನುಗಳನ್ನು ಹಾಕಿ ಬಂದಿದ್ದರು. ಫ್ಯಾನು ಮನೆಯ ಗಾಳಿಯನ್ನು ಹೊರಕ್ಕೆ ತಳ್ಳಿದಷ್ಟೂ ಹೊರಗಿನ ಗಾಳಿ ಸಿಕ್ಕ ಸಂದಿನಲ್ಲಿ ಒಳಗೆ ನುಗ್ಗಬೇಕು. ಆ ಸಂದು ಎಲ್ಲಿದೆ ಎಂದು ಹೊಗೆ ತೋರಿಸಿಕೊಡುತ್ತದೆ. ಅಮೆರಿಕದ ಇಂಧನ ಇಲಾಖೆಯೇ ಮನೆಯವರಿಗೆ ಹೇಳಿಕೊಡುವ ಪರೀಕ್ಷೆ ಇದು. ಮೈಸೂರಿನ ಊದುಬತ್ತಿಗೆ ಇಂಥದೊಂದು ಸರಕಾರಿ ಕೆಲಸವೂ ಉಂಟೆಂದು ನನಗೆ ತಿಳಿದದ್ದು ಅವತ್ತೇ.

ಹಚ್ಚಿದ ಬತ್ತಿಯನ್ನು ಕದ ಮತ್ತು ಚೌಕಟ್ಟು ಕೂಡುವ ಗೆರೆಗುಂಟ ನಿಧಾನವಾಗಿ ಒಯ್ದೆ. ಬಿಜಾಗರಿ ಇರುವ ಬದಿಯಲ್ಲಿ ಹೊಗೆ ನೂಲೆಳೆದಂತೆ ನೆಟ್ಟಗೆ ಏರಿತು. ಮೇಲಂಚಿನಲ್ಲಿ ತುಸು ನಡುಗಿತು. ಬೀಗದ ಬದಿಗೆ ಇಳಿಯುತ್ತಿದ್ದ ಹಾಗೆ ಒಳಕ್ಕೆ ಬಾಗಿತು. ಕೆಳಗೆ, ಕದದ ಮೂಲೆ ಹೊಸ್ತಿಲನ್ನು ಮುಟ್ಟಬೇಕಾದ ಜಾಗದಲ್ಲಿ, ಯಾರೋ ಹೊರಗಿನಿಂದ ಊದಿದಂತೆ ಪೂರಾ ಅಡ್ಡ ಮಲಗಿಬಿಟ್ಟಿತು. ಬತ್ತಿಯ ತುದಿಯ ಕೆಂಡ ನಿಗಿನಿಗಿ ಆಯಿತು. ಭಾವ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದರು. ಆಮೇಲೆ ಒಂದು ಕಾಗದದ ಚೂರನ್ನು ಸಂದಿನಲ್ಲಿಟ್ಟು ಕದ ಮುಚ್ಚಿ ಎಳೆಯಲು ಹೇಳಿದರು. ಬಿಗಿ ಇದ್ದ ಕಡೆ ಕಾಗದ ಹರಿಯಿತು. ಗುರುತಿನ ಹತ್ತಿರ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬಂತು.

ಅಲ್ಲಿನ ಸಾಮಾನ್ಯ ಮುಂಬಾಗಿಲು 36 ಇಂಚು ಅಗಲ, 80 ಇಂಚು ಎತ್ತರ. ಸುತ್ತಳತೆ 232 ಇಂಚು. ಸುತ್ತಲೂ ಒಂದು ಇಂಚಿನ ಎಂಟನೆಯ ಒಂದು ಪಾಲು ಸಂದು ಇದೆಯೆಂದು ಇಟ್ಟುಕೊಂಡರೆ, ಎಲ್ಲ ಕೂಡಿ 29 ಚದರ ಇಂಚು ಆಗುತ್ತದೆ. ಅಂದರೆ ಹೆಚ್ಚುಕಡಿಮೆ ಐದೂವರೆ ಇಂಚು ಉದ್ದಗಲದ ಕಿಂಡಿಯೊಂದನ್ನು ಗೋಡೆಯಲ್ಲಿ ಕೊರೆದು ಚಳಿಗಾಲವಿಡೀ ಹಾಗೇ ಬಿಟ್ಟ ಲೆಕ್ಕ. ಕಣ್ಣಿಗೆ ಬೀಳದಷ್ಟು ಸಣ್ಣ ಬಿರುಕು ಹೀಗೆ ಒಟ್ಟುಗೂಡಿದಾಗ, ಬೀದಿಯವರೆಲ್ಲ ಯಾಕೆ ಮಂಡಿಯೂರಿ ಕೂತಿದ್ದಾರೆಂದು ಅರ್ಥವಾಯಿತು.

ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿ. ಚಳಿಗಾಲದ ಸಾಮಾನಿಗೆಂದೇ ಒಂದು ಸಾಲು ಮೀಸಲು. ಬಾಗಿಲಿನ ಸಂದು ಮುಚ್ಚುವ ಪಟ್ಟಿಗಳಿಗೆ ಒಟ್ಟಾರೆ ವೆದರ್‌ಸ್ಟ್ರಿಪ್ ಎನ್ನುತ್ತಾರೆ. ಅದರಲ್ಲಿ ಎಷ್ಟೊಂದು ಜಾತಿ. ಉಣ್ಣೆಯ ಫೆಲ್ಟ್ ಪಟ್ಟಿ ಹಳೇ ಕಾಲದ್ದು, ಅಗ್ಗದ್ದು, ಬೇಗ ಸವೆಯುವಂಥದು. ಅಂಟು ಬಳಿದ ಫೋಮ್ ಪಟ್ಟಿ ಹಚ್ಚುವುದು ಸುಲಭ, ಬಾಳಿಕೆ ಕಡಿಮೆ. ನಡುವೆ ಮಡಿಸಿಕೊಂಡು ಸ್ಪ್ರಿಂಗಿನಂತೆ ಸಂದನ್ನು ತುಂಬುವ ಪಟ್ಟಿ, ಒಳಗೆ ಪೊಳ್ಳಿರುವ ರಬ್ಬರಿನ ಕೊಳವೆ, ಸಿಲಿಕೋನಿನದು. ಉಕ್ಕಿನ ಕದಗಳಿಗಾದರೆ ಫ್ರಿಜ್ಜಿನ ಬಾಗಿಲಿನಲ್ಲಿರುವಂಥದೇ ಅಯಸ್ಕಾಂತದ ಪಟ್ಟಿ. ಕದದ ತಳಕ್ಕೆ ಬಡಿಯುವ ಬ್ರಷ್ಷು ಅಥವಾ ರಬ್ಬರಿನ ಅಂಚಿಗೆ ಡೋರ್ ಸ್ವೀಪ್ ಎಂದು ಹೆಸರು. ಇವೆಲ್ಲವೂ ಮಾಡುವುದು ಒಂದೇ ಕೆಲಸ: ಸ್ವಲ್ಪ ಗಾಳಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಮಿಕ್ಕ ಗಾಳಿಯ ಓಡಾಟ ನಿಲ್ಲಿಸುವುದು.

ನಾನು ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿಕೊಂಡೆ. ಭಾವ ಅದನ್ನು ವಾಪಸು ಇಟ್ಟರು. "ದಪ್ಪ ಆದ್ರೆ ಕದ ಚೌಕಟ್ಟಿಗೆ ಕೂರೋದಿಲ್ಲ ಭಾವ. ದೂಡಿ ದೂಡಿ ಬೀಗ ಹಾಕಬೇಕಾಗತ್ತೆ, ಎರಡು ತಿಂಗಳಲ್ಲಿ ಬಿಜಾಗರಿ ಎದ್ದು ಬರತ್ತೆ. ಒತ್ತಿದ್ರೆ ಅರ್ಧ ಆಗೋ ಅಂಥದು ಸಾಕು."

ಕೆಲಸ ಶುರುವಾದದ್ದು ನಾನಂದುಕೊಂಡ ಕಡೆಯಿಂದಲ್ಲ. ಮೊದಲು ಬಿಜಾಗರಿ. ಕದದ ಭಾರಕ್ಕೆ ಮೇಲಿನ ಬಿಜಾಗರಿ ಸಡಿಲಾಗಿ ಕದ ಬೀಗದ ಬದಿಗೆ ಜಗ್ಗಿತ್ತು. ಅಂಚುಗಳು ಸರಿಯಾಗಿ ಕೂಡದಿರುವುದಕ್ಕೆ ಮೂಲ ಅಲ್ಲಿತ್ತು. ಭಾವ ಒಂದು ಗಿಡ್ಡ ಸ್ಕ್ರೂ ಬಿಚ್ಚಿ, ಅದರ ಜಾಗಕ್ಕೆ ಚೌಕಟ್ಟನ್ನು ದಾಟಿ ಹಿಂದಿನ ಗೋಡೆಯ ಕಂಬವನ್ನೇ ಕಚ್ಚುವ ಮೂರು ಇಂಚಿನ ಸ್ಕ್ರೂ ಬಿಗಿದರು. ತಿರುವಿದ ಹಾಗೆಲ್ಲ ಅಷ್ಟು ಭಾರದ ಕದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆದ್ದು ನೆಟ್ಟಗಾಯಿತು. ಆಮೇಲೆ ಹಳೆಯ ಫೆಲ್ಟ್ ಕೆರೆದು ತೆಗೆದು, ಚೌಕಟ್ಟು ಒರೆಸಿ ಒಣಗಿಸಿ, ಹೊಸ ಪಟ್ಟಿಯನ್ನು ಎಳೆಯದೆ ಹಿಗ್ಗಿಸದೆ ಒತ್ತುತ್ತಾ ಹೋದರು. ಎಳೆದು ಅಂಟಿಸಿದರೆ ಅದು ನಾಳೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತದೆ. ಕೆಳಮೂಲೆಗಳೆರಡಕ್ಕೂ ಬೆಣೆಯಾಕಾರದ ಚಿಕ್ಕ ಮೆತ್ತೆ. ಹೊಸ್ತಿಲಿನಲ್ಲೇ ಅಡಗಿರುವ ತಿರುಪುಗಳನ್ನು ತಿರುವಿ ಅದನ್ನು ತುಸು ಮೇಲೆತ್ತಿದಾಗ ಕದದ ತಳದ ಬ್ರಷ್ಷು ಅದನ್ನು ಸವರಿಕೊಂಡು ಮುಚ್ಚಿಕೊಂಡಿತು. ಕೊನೆಗೆ ಹೊರಗಡೆ, ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಕಾಕ್ ಎಂಬ ಮೇಣದಂಥ ಅಂಟು. ತಾಪಮಾನ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ 4 ಡಿಗ್ರಿಗಿಂತ, ಕೆಳಗಿಳಿದರೆ ಈ ಅಂಟುಗಳಲ್ಲಿ ಹೆಚ್ಚಿನವು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಅಕ್ಟೋಬರಿನ ಈ ಅವಸರ.

ಇಷ್ಟಾದ ಮೇಲೂ ಇನ್ನೊಂದು ಬಾಗಿಲು ಬಾಕಿ. ಅಲ್ಲಿ ಮುಖ್ಯ ಕದದ ಹೊರಗೆ ಸ್ಟಾರ್ಮ್ ಡೋರ್ ಎಂಬ ಹಗುರಾದ ಎರಡನೆಯ ಬಾಗಿಲಿರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಸೊಳ್ಳೆಜಾಲರಿ, ಚಳಿಗಾಲಕ್ಕೆ ಗಾಜು. ಒಳಗಿನ ಕದ ಒಳಕ್ಕೆ ತೆರೆಯುತ್ತದೆ, ಇದು ಹೊರಕ್ಕೆ. ರಾತ್ರಿಯಿಡೀ ಹಿಮ ಬಿದ್ದು ಹೊರಗಿನ ಬಾಗಿಲಿಗೆ ಒತ್ತಿಕೊಂಡು ನಿಂತರೆ ಅದನ್ನು ದೂಡಲು ಆಗುವುದಿಲ್ಲ. ಆದ್ದರಿಂದ ಹಿಮ ಎತ್ತುವ ಸಲಿಕೆಯನ್ನು ಅನುಭವಸ್ಥರು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ. ಎರಡೂ ಬಾಗಿಲುಗಳ ನಡುವೆ ನಿಂತ ಗಾಳಿ ಚಳಿಗೆ ತಡೆ. ಆದರೆ ದಕ್ಷಿಣಕ್ಕೆ ಮುಖ ಮಾಡಿದ ಬಾಗಿಲಿಗೆ ಬಿಸಿಲು ಬಿದ್ದರೆ ಅದೇ ಗಾಳಿ ಕಾದು ಕುದಿಯುತ್ತದೆ. ತಂಗಿ ಒಂದು ದೀಪಾವಳಿಗೆ ಅಲ್ಲಿ ಕಟ್ಟಿದ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ ಮೆತ್ತಗಾಗಿ ಜೋತುಬಿದ್ದಿತ್ತಂತೆ. ಈಗ ತೋರಣ ಒಳಗಿನ ಚೌಕಟ್ಟಿಗೆ.

ಆ ಹೊರಬಾಗಿಲ ತಳದಲ್ಲಿ ಎರಡು ಸಣ್ಣ ತೂತುಗಳಿದ್ದವು. ಉಳಿದ ಕಾಕ್ ಕೈಯಲ್ಲಿತ್ತು. ಅದರಲ್ಲೇ ಇವನ್ನೂ ಮುಚ್ಚಿಬಿಡೋಣ ಅಂದೆ. ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯ ಅಜ್ಜ, ನಾರ್ವೆಯಿಂದ ವಲಸೆ ಬಂದವರ ಮೊಮ್ಮಗ, ಅಲ್ಲಿಂದಲೇ ಕೈ ಅಡ್ಡ ಬೀಸಿದರು. ಅವು ನೀರು ಹೋಗಲು ಬಿಟ್ಟ ತೂತುಗಳು. ಮನೆಯೊಳಗಿನ ಬಿಸಿಗಾಳಿಯಲ್ಲಿ ಅಡುಗೆಯ, ಸ್ನಾನದ, ಉಸಿರಿನ ಪಸೆ ಇರುತ್ತದೆ. ಅದು ಒಳಗಿನ ಕದದ ಸಂದಿನಿಂದ ನುಸುಳಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ, ಇನ್ನೂ ಚಳಿಯಾದರೆ ಮಂಜುಗಡ್ಡೆಯಾಗುತ್ತದೆ. ಹೊರಬಾಗಿಲ ಗಾಜಿನ ಒಳಮೈಗೆ ಜನವರಿಯಲ್ಲಿ ಹಿಮದ ಹೂವು ಬಿಟ್ಟರೆ, ಒಳಬಾಗಿಲು ಸೋರುತ್ತಿದೆ ಎಂದರ್ಥ. ತೂತು ಮುಚ್ಚಿದರೆ ನೀರು ಅಲ್ಲೇ ನಿಂತು ಹೊಸ್ತಿಲನ್ನು ತಿನ್ನುತ್ತದೆ. ಎಲ್ಲವನ್ನೂ ಮುಚ್ಚುವ ಕೆಲಸದ ನಡುವೆ, ಮುಚ್ಚಬಾರದ ಸಂದೂ ಇದೆಯೆಂದು ನನಗೆ ಮೊದಲು ಹೇಳಿದವರು ಆ ಅಜ್ಜ.

ಅವರೇ ಇನ್ನೊಂದು ಮಾತು ಹೇಳಿ ನನ್ನನ್ನು ಗೊಂದಲಕ್ಕೆ ನೂಕಿದರು. ನಿಮ್ಮ ಬಾಗಿಲಲ್ಲಿ ಗಾಳಿ ಬರುವುದಕ್ಕೆ ಬಾಗಿಲೊಂದೇ ಕಾರಣ ಅಲ್ಲ, ಅಟ್ಟ ನೋಡಿ ಅಂದರು. ಭಾವ ರಾತ್ರಿ ಊಟಕ್ಕೆ ಕೂತಾಗ ಅದನ್ನು ಬಿಡಿಸಿ ಹೇಳಿದರು. ಕಾದ ಗಾಳಿ ಹಗುರ. ಮೇಲೇರಿ ಅಟ್ಟದ ಸಣ್ಣಪುಟ್ಟ ತೂತುಗಳಲ್ಲಿ, ವೈರು ಇಳಿಬಿಟ್ಟ ಕಡೆ, ಚಿಮಣಿಯ ಮಗ್ಗುಲಲ್ಲಿ ಹೊರಬೀಳುತ್ತದೆ. ಹೋದಷ್ಟು ಗಾಳಿಯನ್ನು ಮನೆ ಕೆಳಗಿನಿಂದ ಎಳೆದುಕೊಳ್ಳಲೇಬೇಕು. ಹಾಗೆ ಎಳೆದುಕೊಳ್ಳುವ ಬಾಯಿ ಬಾಗಿಲಿನ ಕೆಳಮೂಲೆ. ಹೊರಗೆ ಚಳಿ ಹೆಚ್ಚಿದಷ್ಟೂ, ಮನೆ ಎತ್ತರವಾದಷ್ಟೂ ಎಳೆತ ಜೋರು. ಕಾಲಿಗೆ ತಾಗುವ ಚಳಿಗಾಳಿಗೆ ತಲೆಯ ಮೇಲಿನ ತೂತು ಕಾರಣ.

ಈ ಎಳೆತದ ದೊಡ್ಡ ರೂಪ ನೋಡಬೇಕಾದರೆ ಮಿನಿಯಾಪೊಲಿಸ್ ಪೇಟೆಗೆ ಹೋಗಬೇಕು. ಗಗನಚುಂಬಿ ಕಟ್ಟಡಗಳ ಬುಡದಲ್ಲಿ ಮಾಮೂಲಿ ಬಾಗಿಲಿಟ್ಟರೆ ಚಳಿಗಾಲದಲ್ಲಿ ತೆರೆಯಲು ತಿಣುಕಬೇಕು, ತೆರೆದರೆ ಗಾಳಿ ಭೋರ್ಗರೆದು ನುಗ್ಗುತ್ತದೆ. ಅಲ್ಲಿ ಬೇಕಾದದ್ದು ಗಾಳಿಗೆ ಸದಾ ಮುಚ್ಚಿರುವ, ಮನುಷ್ಯರಿಗೆ ಸದಾ ತೆರೆದಿರುವ ಬಾಗಿಲು. ಫಿಲಡೆಲ್ಫಿಯಾದ ಥಿಯೋಫಿಲಸ್ ವ್ಯಾನ್ ಕ್ಯಾನಲ್ ಎಂಬಾತ ಸುತ್ತುವ ಬಾಗಿಲಿಗೆ ಪೇಟೆಂಟ್ ಪಡೆದದ್ದು 1888ರ ಆಗಸ್ಟ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಮಿನಿಯಾಪೊಲಿಸ್ ತನ್ನ ದಾಖಲೆಯ ಚಳಿ ಕಂಡಿತ್ತು: ಮೈನಸ್ 41 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. 1962ರಲ್ಲಿ ಈ ಊರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಬಾಗಿಲ ಗೊಡವೆಯೇ ಬೇಡವೆಂದು ಎರಡು ಕಟ್ಟಡಗಳ ನಡುವೆ ಮೊದಲನೇ ಮಹಡಿಯ ಎತ್ತರದಲ್ಲಿ ಗಾಜಿನ ಸೇತುವೆ ಕಟ್ಟಿತು. ಇಂಥ ಸ್ಕೈವೇಗಳು ಇಂದು ಸುಮಾರು 9.5 ಮೈಲಿ ಹಬ್ಬಿವೆ. ಶರ್ಟಿನ ತೋಳು ಮಡಿಸಿಕೊಂಡು, ಕೋಟಿಲ್ಲದೆ, ಕಚೇರಿಯಿಂದ ಹೋಟೆಲಿಗೆ, ಹೋಟೆಲಿನಿಂದ ಬ್ಯಾಂಕಿಗೆ ಜನ ಅದರೊಳಗೇ ಓಡಾಡುತ್ತಾರೆ. ಕೆಳಗೆ ಬೀದಿ ಬಿಕೋ ಎನ್ನುತ್ತಿರುತ್ತದೆ. ಗಾಳಿಯನ್ನು ಗೆದ್ದ ಜಾಣತನಕ್ಕೆ ಬೀದಿ ತೆತ್ತ ಬೆಲೆ ಅದು ಎಂದು ಅಲ್ಲಿ ನಿಂತಾಗ ಅನಿಸಿತು.

ಎಲೆ ನೋಡುವ ನೆಪ ಉಳಿದಿತ್ತಲ್ಲ. ಭಾವನ ಕಾರಿನಲ್ಲಿ 169ನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ನಗರ ಕಳೆದು, ಎಲ್ಕ್ ರಿವರ್ ದಾಟಿ, ಕಟಾವಾದ ಮೆಕ್ಕೆಜೋಳದ ಹೊಲಗಳ ನಡುವೆ ಪ್ರಿನ್ಸ್‌ಟನ್ ಎಂಬ ಸಣ್ಣ ಪಟ್ಟಣ. 2019ರ ಜನವರಿ ಕೊನೆಯ ಚಳಿಯಲ್ಲಿ ಈ ಸುತ್ತಿನ ಕೆಲವು ಮನೆಗಳಿಗೆ ಅನಿಲ ಪೂರೈಕೆ ನಿಂತುಹೋಗಿತ್ತು. ಮಿನಿಯಾಪೊಲಿಸ್‌ನಲ್ಲೇ ಅವತ್ತು ಮೈನಸ್ 28 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 33. ಅನಿಲ ಇದ್ದವರೂ ತಂತಮ್ಮ ಮನೆಯ ತಾಪವನ್ನು ಇಳಿಸಿ ಇತರರಿಗೆ ಉಳಿಸಬೇಕೆಂದು ಕೋರಿಕೆ ಹೋಗಿತ್ತು. ಬೆಂಕಿ ಕೈಕೊಟ್ಟಾಗ ಮನೆ ಎಷ್ಟು ಹೊತ್ತು ಬೆಚ್ಚಗೆ ಉಳಿಯುತ್ತದೆ ಎನ್ನುವುದು ಅಕ್ಟೋಬರಿನಲ್ಲಿ ಮಾಡಿದ ಕೆಲಸಕ್ಕೆ ಬಿಟ್ಟದ್ದು. ಒಲೆ ಎಷ್ಟು ದೊಡ್ಡದಿದ್ದರೂ ಆಗ ಉಪಯೋಗಕ್ಕಿಲ್ಲ.

ಇನ್ನೂ ಉತ್ತರಕ್ಕೆ, ಹೆದ್ದಾರಿ ಮಿಲ್ ಲ್ಯಾಕ್ಸ್ ಎಂಬ ಸಮುದ್ರದಂಥ ಸರೋವರದ ಪಡುವಣ ದಂಡೆಗೆ ಬಂದು ಸೇರುತ್ತದೆ. ಇದು ಒಜಿಬ್ವೆ ಎಂಬ ಮೂಲನಿವಾಸಿ ಜನರ ನೆಲ. ದಂಡೆಯಲ್ಲೇ ಮಿಲ್ ಲ್ಯಾಕ್ಸ್ ಇಂಡಿಯನ್ ಮ್ಯೂಸಿಯಂ ಇದೆ. ಅದರ ದೊಡ್ಡ ಕೋಣೆಯೊಂದರಲ್ಲಿ ಒಜಿಬ್ವೆ ಬದುಕಿನ ನಾಲ್ಕು ಋತುಗಳನ್ನು ಆಳೆತ್ತರದ ಪ್ರತಿಕೃತಿಗಳಲ್ಲಿ ಜೋಡಿಸಿದ್ದಾರೆ: ವಸಂತದಲ್ಲಿ ಮೇಪಲ್ ರಸ ಕುದಿಸಿ ಸಕ್ಕರೆ ಮಾಡುವುದು, ಶರತ್ಕಾಲದಲ್ಲಿ ಸರೋವರದ ಕಾಡುಭತ್ತ ಕೊಯ್ಯುವುದು. ನನ್ನ ಕಾಲು ನಿಂತದ್ದು ಚಳಿಗಾಲದ ಗುಡಿಸಲಿನ ಮುಂದೆ. ಎಳೆಯ ಗಳುಗಳನ್ನು ಬಾಗಿಸಿ ಕಟ್ಟಿದ ಗುಮ್ಮಟ, ಮೇಲೆ ಬರ್ಚ್ ತೊಗಟೆಯ ಹಾಳೆಗಳು, ಜೊತೆಗೆ ಜವುಗು ನೆಲದಲ್ಲಿ ಬೆಳೆಯುವ ಆಪಿನಂಥ ಉದ್ದ ಎಲೆಗಳ ಚಾಪೆ. ಆ ಎಲೆಯನ್ನು ಅಡ್ಡ ಸೀಳಿದರೆ ಒಳಗೆ ಗಾಳಿ ತುಂಬಿದ ಗೂಡುಗಳ ಸಾಲು ಕಾಣುತ್ತದೆ. ಅಂಗಡಿಯಲ್ಲಿ ಕಂಡ ಪೊಳ್ಳು ರಬ್ಬರಿನ ಒಳಗಿನ ಉಪಾಯವೇ ಇಲ್ಲೂ ಇದೆ: ಸಿಕ್ಕಿಹಾಕಿಕೊಂಡ ಗಾಳಿಯೇ ಹೊದಿಕೆ. ಬಾಗಿಲು ತಗ್ಗು, ಅದಕ್ಕೊಂದು ಇಳಿಬಿಟ್ಟ ಪರದೆ. ಇಷ್ಟೆಲ್ಲ ಜೋಪಾನವಾಗಿ ಮುಚ್ಚಿದವರು ನೆತ್ತಿಯಲ್ಲಿ ಮಾತ್ರ ಒಂದು ಕಿಂಡಿ ಬಿಟ್ಟಿದ್ದರು, ಹೊಗೆ ಹೋಗಲು. ಬಾಗಿಲಿನ ಗಾಳಿಗೂ ಮೇಲಿನ ತೂತಿಗೂ ಇರುವ ನಂಟನ್ನು ಪಕ್ಕದ ಮನೆಯ ಅಜ್ಜ ಹೇಳಿದ್ದರಲ್ಲ. ಗುಡಿಸಲು ಕಟ್ಟಿದವರಿಗೆ ಅದು ಬಹಳ ಮೊದಲೇ ಗೊತ್ತಿತ್ತು. ಅವರು ಅದನ್ನು ಮುಚ್ಚುವ ಬದಲು ಬಳಸಿಕೊಂಡರು.

ಅಲ್ಲಿಂದ ಮುಂದಕ್ಕೆ ಅದೇ ದಾರಿ ಏಟ್ಕಿನ್, ಗ್ರ್ಯಾಂಡ್ ರ‍್ಯಾಪಿಡ್ಸ್, ಹಿಬ್ಬಿಂಗ್ ಹಾದು, ಕಬ್ಬಿಣದ ಅದಿರಿನ ಗಣಿಗಳ ಸೀಮೆಯನ್ನು ಸೀಳಿಕೊಂಡು ಟವರ್ ಎಂಬ ಊರಿಗೆ ಹೋಗುತ್ತದೆ. ಪುಟ್ಟ ಊರು, ಹೆಸರು ಮಾತ್ರ ರಾಜ್ಯಕ್ಕೆಲ್ಲ ಗೊತ್ತು. 1996ರ ಫೆಬ್ರವರಿ 2ರಂದು ಇಲ್ಲಿ ದಾಖಲಾದ ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 51 ಸೆಲ್ಸಿಯಸ್, ಮಿನೆಸೋಟದ ಇದುವರೆಗಿನ ಅತಿ ಕಡಿಮೆ ತಾಪಮಾನ. ನಾವು ಹೋದಾಗ ಬಿಸಿಲಿತ್ತು, ವರ್ಮಿಲಿಯನ್ ಸರೋವರ ನೀಲಿಯಾಗಿತ್ತು, ಒಂದು ಸ್ವೆಟರ್ ಸಾಕಾಗಿತ್ತು. ಆದರೂ ಮನೆಗಳು ಆ ಬಿಸಿಲನ್ನು ನಂಬಿದಂತಿರಲಿಲ್ಲ. ಮುಂಬಾಗಿಲು ನೇರ ಪಡಸಾಲೆಗೆ ತೆರೆಯುವ ಮನೆಯೇ ಕಡಿಮೆ. ಮೊದಲು ಒಂದು ಸಣ್ಣ ಕೋಣೆ. ಬೂಟು ಕಳಚಲು ಬೆಂಚು, ಕೋಟಿಗೆ ಗೂಟ. ಅದನ್ನು ದಾಟಿ ಎರಡನೆಯ ಬಾಗಿಲು. ಹೊರಗಿನದು ಮುಚ್ಚಿದ ಮೇಲೇ ಒಳಗಿನದನ್ನು ತೆರೆಯುವುದು ಅಲ್ಲಿನ ಮಕ್ಕಳಿಗೂ ರೂಢಿ. ಹಿಂದಿನ ಕಾಲದವರು ಇಷ್ಟಕ್ಕೇ ಬಿಡದೆ, ಹಿಮ ಬೀಳುವ ಮುನ್ನ ಮನೆಯ ಬುಡದ ಸುತ್ತ ಹುಲ್ಲಿನ ಪಿಂಡಿ, ತರಗೆಲೆ, ಮಣ್ಣು ಒಟ್ಟಿ ತಳಪಾಯದ ಸಂದು ಮುಚ್ಚುತ್ತಿದ್ದರು.

ಓದುತ್ತಿರುವ ಮಲೆನಾಡಿನವರಿಗೆ ಇದು ಹೊಸದಾಗಿ ಕೇಳಿಸದು. ಶಿರಸಿ, ಸಿದ್ದಾಪುರದ ಕಡೆ ಮೇ ತಿಂಗಳ ಕೊನೆಗೆ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುವ, ಗೋಡೆಗೆ ಇರಚಲು ಹೊಡೆಯದಂತೆ ಮರೆ ಮಾಡುವ ಗಡಿಬಿಡಿಯೇ ಆ ಅಕ್ಟೋಬರಿನ ಗಡಿಬಿಡಿ. ಬರಲಿರುವ ಕಾಲಕ್ಕೆ ಮನೆಯನ್ನು ಒಪ್ಪಿಸಿಕೊಡುವ ಮುಂಚೆ ಮಾಡುವ ಮದುವೆಮನೆಯಂಥ ಓಡಾಟ.

ಟವರ್ ಸುತ್ತಲಿನ ಸೀಮೆಗೆ ಗಣಿ ಕೆಲಸಕ್ಕೆಂದು, ಆಮೇಲೆ ಜಮೀನಿಗೆಂದು ಬಂದವರಲ್ಲಿ ಫಿನ್ಲೆಂಡಿನವರು ಬಹಳ. ದಿಮ್ಮಿಗಳನ್ನು ಒಂದರ ಮೇಲೊಂದು ಕೂಡಿಸಿ, ನಡುವಿನ ಸಂದಿಗೆ ಪಾಚಿ ತುರುಕಿ ಮನೆ ಕಟ್ಟುವ ವಿದ್ಯೆಯನ್ನು ಅವರು ಜೊತೆಗೆ ತಂದರು. ಸೌನಾವನ್ನೂ ತಂದರು. ನಾವು ಉಳಿದಿದ್ದ ವಸತಿಯಲ್ಲಿ ಸರೋವರದ ದಂಡೆಗೊಂದು ಸೌನಾ ಇತ್ತು. ಮರದ ಗೂಡಿನಂಥ ಕೋಣೆ, ಮೂಲೆಯಲ್ಲಿ ಕಾದ ಕಲ್ಲುಗಳ ಒಲೆ. ಬಾಗಿಲು ನನ್ನ ಎದೆಯಿಂದ ತುಸು ಮೇಲಕ್ಕೆ ಬರುವಷ್ಟು ತಗ್ಗು. ಹೊಸ್ತಿಲು ದಾಟಲು ಕಾಲೆತ್ತಬೇಕು. ಬಿಸಿಗಾಳಿ ಮೇಲೆ ಕೂಡಿಕೊಳ್ಳುವುದರಿಂದ ಬಾಗಿಲು ತಗ್ಗಿದ್ದಷ್ಟು ಅದು ಒಳಗೇ ಉಳಿಯುತ್ತದೆ. ತಣ್ಣನೆಯ ಗಾಳಿ ನೆಲಕ್ಕೆ ಹರಿಯುವುದರಿಂದ ಹೊಸ್ತಿಲು ಎತ್ತರ ಇದ್ದಷ್ಟು ಅದು ಹೊರಗೇ ನಿಲ್ಲುತ್ತದೆ. ರಬ್ಬರಿಲ್ಲ, ಫೋಮಿಲ್ಲ, ಆಕಾರವೇ ಸಂದು ಮುಚ್ಚುತ್ತದೆ.

ಒಳಗೆ ಕೂತು ಬೆವರಿದ ಮೇಲೆ ಹೊರಬರಲೆಂದು ಚಿಲಕಕ್ಕೆ ತಡಕಾಡಿದೆ. ಚಿಲಕ ಇರಲಿಲ್ಲ. ಭಾವ ನಕ್ಕು ಭುಜದಿಂದ ದೂಡಿದರು. ಕದ ಹೊರಕ್ಕೆ ತೆರೆದುಕೊಂಡಿತು. ಸೌನಾದ ಬಾಗಿಲಿಗೆ ಬೀಗ, ಅಗಳಿ ಯಾವುದೂ ಇರುವುದಿಲ್ಲ, ಅದು ಹೊರಕ್ಕೇ ತೆರೆಯಬೇಕು. ಒಳಗೆ ತಲೆಸುತ್ತಿ ಬಂದವನು ಕೈಯಾಡಿಸಲಾರದೆ ಬಾಗಿಲಿಗೆ ಒರಗಿದರೂ ಸಾಕು, ಹೊರಗೆ ಬೀಳುತ್ತಾನೆ. ಬಿಸಿ ಹಿಡಿದಿಡಲೆಂದೇ ಕಟ್ಟಿದ ಕೋಣೆಯಲ್ಲಿ ಬಾಗಿಲನ್ನು ಮಾತ್ರ ಯಾರೂ ಕಟ್ಟಿಹಾಕಲಿಲ್ಲ.

ಅಮೆರಿಕದಲ್ಲಿ ಮನೆಗಳ ಸಂದು ಮುಚ್ಚುವುದು ಸರಕಾರದ ಚಿಂತೆಯಾದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಕಡಿಮೆ ವರಮಾನದ ಮನೆಗಳಿಗೆ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುವ ಯೋಜನೆ 1976ರ ಕಾನೂನಿನಿಂದ ಹುಟ್ಟಿತು, ಈಗಲೂ ನಡೆಯುತ್ತಿದೆ. ಸಂದು ಹುಡುಕಲು ಅವರು ಊದುಬತ್ತಿಯ ಬದಲು ದೊಡ್ಡ ಫ್ಯಾನು ತರುತ್ತಾರೆ. ಮುಂಬಾಗಿಲು ತೆರೆದು, ಚೌಕಟ್ಟಿಗೆ ಬಟ್ಟೆಯ ತಡಿಕೆ ಬಿಗಿದು, ಅದರಲ್ಲಿ ಫ್ಯಾನು ಕೂರಿಸಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಬಂದಾಗ ಮನೆ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ಬೇರೆ ಸಂದುಗಳನ್ನೆಲ್ಲ ಹುಡುಕಲು ಬಾಗಿಲೇ ಜಾಗ ಬಿಟ್ಟುಕೊಡುತ್ತದೆ.

ಆದರೆ ತೀರಾ ಬಿಗಿಯಾದ ಮನೆಗೂ ಅಪಾಯ ಉಂಟು. ಒಳಗೆ ಉರಿಯುವ ಒಲೆ, ಫರ್ನೇಸುಗಳಿಗೆ ಗಾಳಿ ಸಾಲದಿದ್ದರೆ, ಅಥವಾ ಹೊಗೆಯ ಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡರೆ, ವಾಸನೆಯಿಲ್ಲದ ಬಣ್ಣವಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಮಲಗುವ ಪ್ರತಿ ಕೋಣೆಯಿಂದ 10 ಅಡಿಯೊಳಗೆ ಅದನ್ನು ಗುರುತಿಸುವ ಗಂಟೆ ಇರಬೇಕೆಂದು ಮಿನೆಸೋಟದ ಕಾನೂನು ಹೇಳುತ್ತದೆ. ಹೊಸದಾಗಿ ಕಟ್ಟುವ ಬಿಗಿ ಮನೆಗಳಲ್ಲಿ, ಹೊರಹೋಗುವ ಬಿಸಿಗಾಳಿಯಿಂದ ಒಳಬರುವ ತಣ್ಣನೆಯ ಗಾಳಿಗೆ ಶಾಖ ದಾಟಿಸುವ ಯಂತ್ರವನ್ನೇ ಕೂರಿಸುತ್ತಾರೆ. ಮೊದಲು ಬಾಗಿಲ ಸಂದು ಮುಚ್ಚಿ, ಆಮೇಲೆ ದುಡ್ಡು ಕೊಟ್ಟು ಗೋಡೆಯಲ್ಲಿ ಸಂದು ಕೊರೆಸುವುದೆಂದರೆ ಹುಚ್ಚಾಟದಂತೆ ಕಾಣುತ್ತದೆ. ಯೋಚಿಸಿದರೆ ಇದು ಗುಡಿಸಲಿನ ನೆತ್ತಿಯ ಕಿಂಡಿಯ ವಿವೇಕವೇ: ಗಾಳಿ ತನಗೆ ಬೇಕಾದಲ್ಲಿ ಬರಬಾರದು, ನಮಗೆ ಬೇಕಾದಲ್ಲಿ ಬರಬೇಕು.

ಬಾಡಿಗೆ ಮನೆಯವರ ಗತಿ? ಸ್ವಂತ ಮನೆಯವನು ಬಾಗಿಲಿಗೆ ಹಾಕಿದ ದುಡ್ಡು ಬಿಲ್ಲಿನಲ್ಲಿ ಅವನಿಗೇ ವಾಪಸು ಬರುತ್ತದೆ. ಬಾಡಿಗೆ ಮನೆಯಲ್ಲಿ ಬಾಗಿಲು ಒಬ್ಬನದು, ಬಿಲ್ಲು ಇನ್ನೊಬ್ಬನದು. ಈ ಸಂದನ್ನು ಮಿನೆಸೋಟ ಕಾನೂನಿನಿಂದ ಮುಚ್ಚಲು ನೋಡಿದೆ. ವೆದರ್‌ಸ್ಟ್ರಿಪ್, ಕಾಕ್, ಸ್ಟಾರ್ಮ್ ಡೋರುಗಳ ಖರ್ಚು ಮುಂದಿನ 10 ವರ್ಷಗಳ ಇಂಧನದ ಉಳಿತಾಯದಲ್ಲಿ ಹುಟ್ಟುವುದಾದರೆ ಅವನ್ನು ಹಾಕಿಸುವುದು ಮನೆ ಮಾಲೀಕನ ಹೊಣೆ ಎಂದು, ಆ ಪಟ್ಟಿಗಳ ಹೆಸರು ಹಿಡಿದೇ ಅಲ್ಲಿನ ಬಾಡಿಗೆ ಕಾನೂನಿನಲ್ಲಿ ಬರೆದಿದ್ದಾರೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಕಂತಿನಲ್ಲಿ ಬಾಕಿ ಕಟ್ಟಲು ಒಪ್ಪಿ ಅದರಂತೆ ನಡೆದುಕೊಳ್ಳುವ ಮನೆಯ ಬಿಸಿಯನ್ನು ಕತ್ತರಿಸುವಂತಿಲ್ಲ ಎಂಬ ನಿಯಮವೂ ಇದೆ. ಕಾನೂನು ಇದ್ದ ಮಾತ್ರಕ್ಕೆ ಎಲ್ಲರ ಬಾಗಿಲೂ ಬಿಗಿಯಾಗುವುದಿಲ್ಲ. ತಂಗಿಯ ಬೀದಿಯ ತುದಿಯ ಬಾಡಿಗೆ ಮನೆಯೊಂದರ ಬಾಗಿಲ ಬುಡಕ್ಕೆ ಹಳೆಯ ಟವೆಲನ್ನು ಸುರುಳಿ ಸುತ್ತಿ ಒತ್ತಿದ್ದನ್ನು ನಾನೇ ಕಂಡೆ. ಆದರೂ ಒಂದು ರಾಜ್ಯದ ಶಾಸನಸಭೆ ಬಾಗಿಲ ಅಂಚಿನ ರಬ್ಬರಿನ ಬಗ್ಗೆ ಕೂತು ಮಾತಾಡಿದೆ ಎಂದರೆ, ಚಳಿ ಅಲ್ಲಿ ಒಬ್ಬೊಬ್ಬರ ಖಾಸಗಿ ಕಷ್ಟವಾಗಿ ಉಳಿದಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಹಿಂಬಾಗಿಲಿಗೆ ಹೊಸ ಕದ ಮಾಡಿಸುವ ಕೆಲಸ ಬಂತು. ಮಿನೆಸೋಟದ ಗುಂಗು ಇನ್ನೂ ಇಳಿದಿರಲಿಲ್ಲ. ಅಳತೆ ತೆಗೆಯಲು ಬಂದ ಆಚಾರಿಗೆ ಅಲ್ಲಿನ ಬಾಗಿಲುಗಳ ವೈಭವ ವರ್ಣಿಸಿ, ಕದ ಚೌಕಟ್ಟಿಗೆ ಕಾಗದದ ಚೂರೂ ಎಳೆಯಲು ಬಾರದಷ್ಟು ಬಿಗಿಯಾಗಿ ಕೂರಬೇಕು ಅಂದೆ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿಸಿಕೊಂಡ.

"ಈಗ ಬೇಸಿಗೆ ಹೆಗಡೇರೆ, ಬಿಗಿ ಮಾಡಿ ಕೊಡ್ತೆ. ಜೂನ್ ಬಂದ ಮೇಲೆ ಮರ ಕುಡೀತದೆ, ಕದ ಹಿಗ್ತದೆ. ಆಗ ಅದು ಮುಚ್ಚೂದೂ ಇಲ್ಲ, ಮುಚ್ಚಿದ್ರೆ ತೆಗೆಯೂಕೂ ಬರೂದಿಲ್ಲ. ಆಗ ನನ್ನ ಕರೀಬೇಡಿ."

ಪೇಟೆಯಲ್ಲಿ ಈಚೆಗೆ ಮುಚ್ಚಿದರೆ ಗಾಳಿಯಾಡದ ಕಿಟಕಿ ಬಾಗಿಲು ಹಾಕಿಸಿಕೊಂಡವರ ಮನೆಯಲ್ಲಿ ಆಷಾಢಕ್ಕೆ ಗೋಡೆ, ಬಟ್ಟೆ, ಚಪ್ಪಲಿಗಳಿಗೆಲ್ಲ ಬೂಸು ಹಿಡಿದದ್ದನ್ನು ಅವನು ಹೆಸರು ಹಿಡಿದು ಎಣಿಸಿದ. ಒದ್ದೆ ಗಾಳಿ ಬರುತ್ತದೆಂದು ಮುಚ್ಚಿದರೆ ಒಳಗಿನ ಒದ್ದೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಟವರ್ ಊರಿನಲ್ಲಿ ಒಳಗಿರುವ ಬಿಸಿಯನ್ನು ಹಿಡಿದಿಡಬೇಕು. ಶಿರಸಿಯಲ್ಲಿ ಒಳಗಿರುವ ಪಸೆಯನ್ನು ಹೊರಗಟ್ಟಬೇಕು. ಬಾಗಿಲಿಗೆ ಗೊತ್ತಿರಬೇಕಾದದ್ದು ತನ್ನ ಊರಿನ ಹವೆ, ಅಷ್ಟೇ. ಅಲ್ಲಿನ ಭಾವ ಸ್ಕ್ರೂ ಬಿಗಿದದ್ದೂ, ಇಲ್ಲಿನ ಆಚಾರಿ ಸಂದು ಬಿಡುವುದೂ ಒಂದೇ ಕಸುಬಿನ ಎರಡು ಕೈ.

ಎಷ್ಟು ಸಂದು ಬಿಡ್ತೀಯ ಹಾಗಾದರೆ ಎಂದು ಕೇಳಿದೆ. ಅವನು ತನ್ನ ಚೀಲದಿಂದ ಹಳೆಯ ಎರಡು ರೂಪಾಯಿ ನಾಣ್ಯ ತೆಗೆದು ತೋರಿಸಿದ. ಕದಕ್ಕೂ ಚೌಕಟ್ಟಿಗೂ ನಡುವೆ ಅದು ಸಲೀಸಾಗಿ ಓಡಾಡಬೇಕು, ಅಷ್ಟಿದ್ದರೆ ಸರಿ ಎಂದ. ಊದುಬತ್ತಿಯ ಪರೀಕ್ಷೆ ಮಾಡಿದರೆ ಆ ಕದ ನಾಲ್ಕೂ ಕಡೆ ನಪಾಸಾಗುತ್ತದೆ. ಹಾಗೇ ಮಾಡು ಅಂದೆ.